ತಬಲಾ ಕಲಿಯುವ ಆಸೆ

ಆಪ್ತಸಮಾಲೋಚನೆಯ ಕೋರ್ಸು ಮುಗಿಸಿ, ಪಿ.ಜೆ. ಬಡಾವಣೆಯಲ್ಲಿ ಹಲ್ಲಿನ ಕ್ಲಿನಿಕ್ಕೊಂದರ ಮೇಲೆ ಕೋಣೆ ಹಿಡಿದಿದ್ದೆ. ಬೆಳೆಯಬೇಕೆಂಬ ತುಡಿತ ಪ್ರತಿ ಮನುಷ್ಯನೊಳಗೂ ಇರುತ್ತದೆ, ಬಂದವರಿಗೆ ಬುದ್ಧಿ ಹೇಳಬಾರದು, ಅವರ ಮಾತನ್ನು ಮನಸ್ಸಿಟ್ಟು ಕೇಳಿ ಅವರಿಗೇ ತಿರುಗಿ ಹೇಳಬೇಕು ಎಂದು ಕೋರ್ಸಿನಲ್ಲಿ ಕಲಿಸಿದ್ದರು. ಮೊದಮೊದಲು ಬಂದವರೆಲ್ಲ ಹಲ್ಲುನೋವಿನವರು. ಅವರನ್ನು ಕೆಳಗೆ ಕಳಿಸುತ್ತಿದ್ದೆ.

ಆಮೇಲೆ ಹರಿಹರದ ಬಟ್ಟೆ ವ್ಯಾಪಾರಿಯೊಬ್ಬರು ಐವತ್ತು ದಾಟಿದ ತಮ್ಮ ಹೆಂಡತಿಯನ್ನು ಕರೆತಂದರು.

“ಇವ್ಳಿಗೆ ಯಾವ್ದಕ್ಕೂ ಕಮ್ಮಿ ಇಲ್ರಿ ಮೇಡಂ. ಮನೆ ಐತೆ, ಮಕ್ಕಳ ಮದುವೆ ಆಗೈತೆ. ಈಗ ತಬಲಾ ಕಲೀತೀನಿ ಅಂತಾಳೆ. ಒಂಚೂರು ಬುದ್ಧಿ ಹೇಳ್ರಿ.”

ಅವರನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದೆ.

“ತಬಲಾ ಕಲೀಬೇಕಂತ ಆಸೆ ಐತ್ರಿ,” ಎಂದರು ಆಕೆ.

“ತಬಲಾ ಕಲಿಯೋ ಆಸೆ ಇದೆ ನಿಮಗೆ.”

“ಅದನ್ನೇ ಹೇಳಿದ್ನಲ್ರಿ ಈಗ.”

ಕೆಳಗೆ ಹಲ್ಲು ಕೊರೆಯುವ ಯಂತ್ರ ಗುಂಯ್ ಎನ್ನುತ್ತಿತ್ತು.

“ಸಣ್ಣೋಳಿದ್ದಾಗ ಅಪ್ಪ ಬ್ಯಾಡ ಅಂದ. ಆಮೇಲೆ ಅತ್ತೆ. ಈಗ ಇವ್ರು ಹೂಂ ಅನ್ಲಿ ಅಂತ ಕಾಯ್ತಾ ಇದೀನಿ.”

“ಅವರು ಹೂಂ ಅನ್ನಲಿ ಅಂತ ಕಾಯ್ತಾ ಇದೀರಿ.”

ಆಕೆ ನನ್ನನ್ನೇ ನೋಡಿದರು. “ಯಾಕ ಕಾಯ್ತಾ ಇದೀನ್ರಿ ನಾನು?”

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಆಕೆ ಸೆರಗಿನ ಅಂಚು ಮಡಚಿ, “ಇಷ್ಟು ಸಾಕ್ರಿ,” ಎಂದು ಎದ್ದು ಹೋದರು.

ಮುಂದಿನ ತಿಂಗಳು ಗಂಡ ಒಬ್ಬರೇ ಬಂದರು.

“ಏನ್ ಹೇಳಿದ್ರಿ ಅವತ್ತು? ಮಾಸ್ತರ್‍ನ ಗೊತ್ತು ಮಾಡ್ಕೊಂಡು ಶುರು ಮಾಡ್ಯಾಳೆ. ಬೆಳಗ್ಗೆ ಸಂಜೆ ಅದೇ ಸದ್ದು.”

“ನಾನೇನೂ ಹೇಳಲಿಲ್ಲ.”

“ಮತ್ತೆ ಫೀಸ್ ಯಾತಕ್ಕ ತಗೊಂಡ್ರಿ?”

ನ್ಯಾಯವಾದ ಪ್ರಶ್ನೆಯೇ. ನಾನು ಬೇರೆ ಪ್ರಶ್ನೆ ಕೇಳಿದೆ: “ನಿಮಗೆ ಏನು ಆಸೆ?”

“ವ್ಯಾಪಾರ ಚೆನ್ನಾಗಿ ನಡೀಬೇಕು.”

“ನಡೀತಾ ಇದೆಯಲ್ಲ?”

“ನಡೀತೈತೆ.” ಅವರು ತಲೆಯೆತ್ತಿ ಫ್ಯಾನು ನೋಡಿದರು. “ಹಂಗೆ ಯಾರೂ ಕೇಳಿಲ್ರಿ ನನ್ನ.” ಅವರ ದನಿ ಇಳಿದಿತ್ತು. ಹೋಗುವಾಗ ನಾನು ಕೇಳದಿದ್ದರೂ ಫೀಸು ಇಟ್ಟು ಹೋದರು.

ಆ ವರ್ಷ ಹರಿಹರಕ್ಕೆ ಒಂದು ಮದುವೆಗೆ ಹೋದಾಗ ಇಬ್ಬರೂ ಸಿಕ್ಕಿದರು. ಬಿಡದೆ ಮನೆಗೆ ಕರೆದೊಯ್ದರು. ಆಕೆ ನುಡಿಸಿ ತೋರಿಸಿದರು. ಚೆನ್ನಾಗಿತ್ತು ಎನ್ನಲಾರೆ. ಪಕ್ಕದ ಕುರ್ಚಿಯಲ್ಲಿ ಗಂಡ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಬೆರಳು ಒಂದೊಂದಾಗಿ ಮಡಚಿ ಸರಿಯಾಗಿಯೇ ಎಣಿಸುತ್ತಿದ್ದರು. ಮಾಸ್ತರರ ಪಾಠಕ್ಕೆ ಈಗ ಅವರೂ ಕೂರುತ್ತಾರಂತೆ, ಅಂಗಡಿಗೆ ತಡವಾಗಿ ಹೋಗುತ್ತಾರಂತೆ.

“ತಪ್ಪಿತು ನೋಡು,” ಎಂದರು ಕಣ್ಣು ಬಿಡದೆ.

ಆಕೆ ಮೊದಲಿನಿಂದ ಶುರು ಮಾಡಿದರು.