ಮುರಕಲ್ಲಿನ ಮೇಲೆ ನಿಲ್ಲಿಸಿದ ಕಾರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಕಾರನ್ನು ಕಲ್ಲಿನ ಮೇಲೆ ನಿಲ್ಲಿಸಲು ಜನರಿಗೆ ಹೇಳಿಕೊಟ್ಟ ಮಹಾಪಂಡಿತ ನಾನೇ. ಎರಡು ವರ್ಷದ ಹಿಂದೆ ಕಟಪಾಡಿಯ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಆಗಿದ್ದೆ; ಈಗಲೂ ಅಲ್ಲೇ ಇದ್ದೇನೆ, ಯಜಮಾನರ ದೊಡ್ಡ ಮನಸ್ಸು. ಬಿಡುವಿನಲ್ಲಿ ಮನೆಯಲ್ಲೇ ಕಾರು ರಿಪೇರಿ ಮಾಡುವುದು ಹೇಗೆಂದು ವಿಡಿಯೊ ಮಾಡುತ್ತಿದ್ದೆ, ಪ್ರತಿಯೊಂದೂ ಯಾರದ್ದಾದರೂ ಮಿಮಿಕ್ರಿಯಲ್ಲಿ. ಕೂಲಂಟ್ ನೋಡುವುದನ್ನು ಮಣಿಪಾಲದ ಡಾಕ್ಟರರ ಧ್ವನಿಯಲ್ಲಿ, ಆಯಿಲ್ ಬದಲಿಸುವುದನ್ನು ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರನ ಧ್ವನಿಯಲ್ಲಿ. ಯಜಮಾನ ಶೇಖರಣ್ಣನ ಧ್ವನಿಯನ್ನು ಮಾತ್ರ ಮುಟ್ಟಿರಲಿಲ್ಲ, ಕೆಲಸ ಉಳಿಯಬೇಕಲ್ಲ!

ಆ ಕಂಡಕ್ಟರನ ಭರದಲ್ಲಿ, “ಜ್ಯಾಕ್ ಕೊಟ್ಟು ಎತ್ತಿ, ಅಡಿಗೆ ಎರಡು ಗಟ್ಟಿ ಕಲ್ಲು ಇಟ್ರೆ ಆಯ್ತು, ರೈಟ್ ರೈಟ್” ಎಂದುಬಿಟ್ಟಿದ್ದೆ. ನಮ್ಮ ಕಡೆ ಅಂಗಳದಲ್ಲಿ ಕೈಗೆ ಸಿಗುವುದು ಕಂಪೌಂಡ್ ಕಟ್ಟಿ ಉಳಿದ ಕೆಂಪು ಮುರಕಲ್ಲು. ಗೋಡೆಯಲ್ಲಿ ಅದು ತಲೆಮಾರುಗಟ್ಟಲೆ ನಿಲ್ಲುತ್ತದೆ. ಕಾರಿನ ಅಂಚು ಒಂದೇ ಕಡೆ ಒತ್ತಿದರೆ ಸೀಳಿಹೋಗುತ್ತದೆ.

ಒಂದು ಭಾನುವಾರ ಶೇಖರಣ್ಣ ಮದುವೆಗೆಂದು ಕಾರ್ಕಳಕ್ಕೆ ಹೋಗಿದ್ದರು. ಕಾಪುವಿನಿಂದ ಸೆವ್ರಿನ್ ಆಂಟಿಯ ಫೋನ್ ಬಂತು. ಅವರ ಗಂಡ ವಿಕ್ಟರ್ ಅಂಕಲ್ ಕುವೈಟಿನಿಂದ ನಿವೃತ್ತರಾಗಿ ಬಂದವರು, ಶೇಖರಣ್ಣನ ಶಾಲೆಯ ಗೆಳೆಯ, ನನ್ನ ವಿಡಿಯೊಗಳ ಪರಮ ಅಭಿಮಾನಿ; ಎದುರು ಸಿಕ್ಕರೂ ಯಾರದ್ದಾದರೂ ಮಿಮಿಕ್ರಿಯನ್ನೇ ಕೇಳುವವರು.

“ಪ್ರಸಾದ್, ಅಂಕಲ್ ಕಾರಿನ ಅಡಿಯಲ್ಲಿದ್ದಾರೆ. ಆಯಿಲಿನ ಬೋಲ್ಟ್ ಎಂತ ಮಾಡಿದ್ರೂ ಬರುವುದಿಲ್ಲವಂತೆ. ಯಾವ ಕಡೆ ತಿರುಗಿಸುವುದು?”

ಎಡಕ್ಕೆ ಎನ್ನುವಷ್ಟರಲ್ಲಿ ಅವರೇ ಸೇರಿಸಿದರು: “ಕಣ್ಣಿಗೆ ಕೆಂಪು ಪುಡಿ ಬೇರೆ ಬೀಳ್ತಾ ಉಂಟಂತೆ.”

ಕೆಂಪು ಪುಡಿಯೆಂದರೆ ಕಾರು ನಿಂತದ್ದು ಮುರಕಲ್ಲಿನ ಮೇಲೆ. ಇಂಜಿನ್ನಿನ ತಳದಿಂದ ಹಳೆಯ ಆಯಿಲ್ ಇಳಿಸುವ ಆ ಡ್ರೈನ್ ಬೋಲ್ಟ್ ಬಿಗಿದಿದ್ದರೆ ಮಲಗಿಕೊಂಡು ಜಗ್ಗಬೇಕು. ಒಂದೊಂದು ಸಲ ಜಗ್ಗಿದಾಗಲೂ ಇಡೀ ಕಾರು ಕಲ್ಲಿನ ಮೇಲೆ ಅಲುಗುತ್ತದೆ.

“ಆಂಟಿ, ಸ್ಪೀಕರ್ ಹಾಕಿ. ಕಾರನ್ನು ಮುಟ್ಟಬೇಡಿ,” ಎಂದವನೇ ಕಿರುಚಿದೆ: “ಅಂಕಲ್, ಹೊರಗೆ ಬನ್ನಿ! ಕಲ್ಲು ಒಡೀತಾ ಉಂಟು!”

ಕಾರಿನ ಅಡಿಯಿಂದ ನಗು ಕೇಳಿಸಿತು. “ಇದು ಯಾರ ಸ್ವರ ಮಾರಾಯ? ಹೊಸತಾ?”

“ತಮಾಷೆ ಅಲ್ಲ ಅಂಕಲ್, ದೇವರಾಣೆ!”

“ಹಾಂ, ಲಾಯಕ್ಕುಂಟು. ಅಳು ಬೇರೆ! ಬೋಲ್ಟ್ ಎಡಕ್ಕಾ ಬಲಕ್ಕಾ, ಅದನ್ನು ಹೇಳು.”

ಸ್ಪ್ಯಾನರ್ ಜಗ್ಗುವ ಸದ್ದು. ಹಿಂದೆಯೇ ಕಲ್ಲು ‘ಚಟ್’ ಎಂದಿತು. ಆಂಟಿ “ಜೇಜು!” ಎಂದು ಯೇಸುವನ್ನು ಕರೆದರು.

ನಾನು ಬೈಕಿನಲ್ಲಿ ಕಾಪುವಿಗೆ ತಲುಪುವವರೆಗೆ ಆ ಕಲ್ಲು ಕಾಯುವಂತಿರಲಿಲ್ಲ. ಗಂಟಲು ಸರಿಮಾಡಿಕೊಂಡೆ. ಶೇಖರಣ್ಣ ಏರುದನಿಯಲ್ಲಿ ಮಾತಾಡುವವರಲ್ಲ. ಒಂದೊಂದೇ ಮಾತನ್ನು ತೂಗಿ ಇಡುತ್ತಾರೆ. ಅವರ ಧ್ವನಿಯಲ್ಲೇ ಹಾಗೆ ಇಟ್ಟೆ: “ವಿಕ್ಟರ್, ನಾನು ಶೇಖರ. ಸ್ಪ್ಯಾನರ್ ಬಿಡು. ಜಾರಿಕೊಂಡು ಹೊರಗೆ ಬಾ. ಮಾತು ಆಮೇಲೆ.”

“ಓ, ಶೇಖರನಾ? ಬಂದೆ, ಬಂದೆ.”

ನೆಲಕ್ಕೆ ಬಟ್ಟೆ ಉಜ್ಜುವ ಸದ್ದು. ಆಮೇಲೆ ಧಡಾರ್! ನಾನು ಕೂಗುತ್ತಲೇ ಇದ್ದೆ. ಕೊನೆಗೊಂದು ಕೆಮ್ಮು. “ಶೇಖರಾ, ಕಾರು ಬಿತ್ತು ಮಾರಾಯ.”

ಕಾರಿನ ಭಾರ ಹೊರುವ ಎರಡು ಕಬ್ಬಿಣದ ಜ್ಯಾಕ್ ಸ್ಟ್ಯಾಂಡ್ ಬೈಕಿಗೆ ಕಟ್ಟಿಕೊಂಡು ಕಾಪುವಿಗೆ ಹೋದೆ. ಸ್ವಲ್ಪ ಮೊದಲು ಅಂಕಲ್ ಅವರ ಎದೆ ಇದ್ದ ಜಾಗದಲ್ಲಿ ಇಂಜಿನ್ ಕೂತಿತ್ತು. ಆ ವಿಡಿಯೊವನ್ನು ಅಲ್ಲೇ ನಿಂತು ಅಳಿಸಿದೆ. ಈಗ ಯಾರು ಕೇಳಿದರೂ ಹೇಳುವುದಿಷ್ಟು: ಏರ್ ಫಿಲ್ಟರ್, ಕೂಲಂಟ್, ವೈಪರ್ ಎಲ್ಲ ನೀವೇ ನೋಡಿಕೊಳ್ಳಿ, ಇಂಜಿನ್ ತಣ್ಣಗಿರಲಿ. ಕಾರಿನ ಅಡಿಗೆ ಹೋಗುವ ಕೆಲಸವಾದರೆ ಸಮತಟ್ಟಾದ ಕಾಂಕ್ರೀಟ್ ನೆಲ ಬೇಕು, ಹಿಂದಿನ ಚಕ್ರಗಳಿಗೆ ಅಡ್ಡ ಕೊಡಬೇಕು, ಭಾರ ಸ್ಟ್ಯಾಂಡಿನ ಮೇಲಿರಬೇಕು, ಪಕ್ಕದಲ್ಲಿ ಸ್ಟೆಪ್ನಿ ಚಕ್ರವನ್ನೂ ಅಡಿಗೆ ತಳ್ಳಿರಬೇಕು. ಸ್ಟ್ಯಾಂಡ್ ಇಲ್ಲವೆಂದರೆ ಅಡಿಗೆ ಹೋಗುವುದೇ ಬೇಡ. ಇಷ್ಟನ್ನು ಹೇಳುವಾಗ ಯಾರ ಧ್ವನಿಯನ್ನೂ ಅನುಕರಿಸುವುದಿಲ್ಲ.

ಆವತ್ತು ಅಂಗಳದಲ್ಲಿ ಅಂಕಲ್ ನನ್ನ ಹಿಂದೆ ಇಣುಕಿದರು. “ಶೇಖರ ಎಲ್ಲಿ?”

ಫೋನಿನಲ್ಲಿದ್ದದ್ದು ಶೇಖರಣ್ಣ ಅಲ್ಲ, ನಾನೇ ಎಂದು ಹೇಳಿದೆ. ಹೇಳಿ ಸುಮ್ಮನಿರಬೇಕಿತ್ತು. ಸ್ವಲ್ಪ ಸಿಟ್ಟೂ ಬಂದಿತ್ತು, ಕೇಳಿಬಿಟ್ಟೆ: “ಅದಕ್ಕಿಂತ ಮೊದಲು ಎರಡು ಸಲ ನನ್ನದೇ ಸ್ವರದಲ್ಲಿ ಕೂಗಿದೆನಲ್ಲ ಅಂಕಲ್, ಯಾಕೆ ನಂಬಲಿಲ್ಲ?”

ಅವರು ರೆಪ್ಪೆಯ ಮೇಲಿನ ಕೆಂಪು ಪುಡಿ ಒರೆಸಿಕೊಂಡರು.

“ಅದು ನಿನ್ನದು ಅಂತ ನನಗೆ ಹೇಗೆ ಗೊತ್ತಾಗುವುದು ಮಾರಾಯ? ಇಷ್ಟರವರೆಗೆ ಒಂದು ಸಲವಾದರೂ ಕೇಳಿಸಿದ್ದುಂಟಾ?”