ಬೆನ್ನ ಮೇಲೆ ಜಲಜಾ ಅವರ ಅಂಗೈ

ಕೊಚ್ಚಿಯ ಆಸ್ಪತ್ರೆಯೊಂದರ ಸ್ಕ್ಯಾನಿಂಗ್ ಕೋಣೆ. ಬೆಳಗಿನ ಆರೂವರೆ. ಮಹಾಬಲ ಭಟ್ಟರು ಮೇಜಿನ ಮೇಲೆ ಬೋರಲು ಮಲಗಿದ್ದಾರೆ. ಅವರಿಗೆ ಕೆಲಸ ಮಾಡುವ ಮೂತ್ರಪಿಂಡ ಇರುವುದು ಒಂದೇ. ಅದರ ದಾರಿಗೆ ಕಲ್ಲು ಅಡ್ಡ ಕೂತು ಎರಡು ದಿನವಾಗಿದೆ. ಮೂತ್ರ ನಿಂತಿದೆ, ಜ್ವರ ಏರಿದೆ. ಬೆನ್ನಿನಿಂದ ಸೂಜಿ ಇಳಿಸಿ, ಕೊಳವೆ ಹಾಕಿ, ಒಳಗೆ ಕಟ್ಟಿಕೊಂಡದ್ದನ್ನು ಈಗಲೇ ಹೊರಗೆ ಹರಿಸದಿದ್ದರೆ ಆ ಒಂದೂ ಉಳಿಯುವುದಿಲ್ಲ.

ಸೂಜಿ ಹಿಡಿದವರು ಡಾ. ಕಾರ್ತಿಕೇಯ. ಈ ಕೋಣೆಯ ಕೆಲಸದ ಬಗ್ಗೆ ಬರೆಯಲು ಬಂದ ನಾನು ಮಾತ್ರ ಕಣ್ಣು ಕೀಳದೆ ನೋಡುತ್ತಿರುವುದು ಭಟ್ಟರ ಭುಜದ ಕೆಳಗೆ ಅಂಗೈ ಊರಿ ನಿಂತ ಟೆಕ್ನಿಷಿಯನ್ ಜಲಜಾ ಅವರನ್ನು. ಉಸಿರಾಡಿದಾಗಲೆಲ್ಲ ಮೂತ್ರಪಿಂಡ ಮೇಲೆ ಕೆಳಗೆ ಸರಿಯುತ್ತದೆ. ಸೂಜಿ ಇಳಿಯುವ ಹೊತ್ತಿಗೆ ಅದನ್ನು ಒಂದೇ ಜಾಗದಲ್ಲಿ ನಿಲ್ಲಿಸಿಕೊಡುವುದು ಇವರ ಕೆಲಸ.

ವೈದ್ಯರು ಉಸಿರು ಹಿಡಿಯಲು ಹೇಳಿದ್ದೇ ತಡ, ಭಟ್ಟರು ಎದೆ ತುಂಬ ಗಾಳಿ ಎಳೆಯುತ್ತಾರೆ. ತಿರುವನಂತಪುರದ ಸೆಕ್ರೆಟರಿಯೇಟ್‌ನಿಂದ ನಿವೃತ್ತರಾದ ಮೇಲೆ ಒಂದು ದಿನವೂ ಪ್ರಾಣಾಯಾಮ ತಪ್ಪಿಸಿದವರಲ್ಲ. ತೆರೆಯ ಮೇಲೆ ಮೂತ್ರಪಿಂಡ ಸೂಜಿಯ ದಾರಿ ಬಿಟ್ಟು ಕೆಳಗೆ ಜಾರುತ್ತದೆ. ವೈದ್ಯರು ಕೈ ತಡೆಯುತ್ತಾರೆ.

"ಮಾವಾ, ಪ್ರಾಣಾಯಾಮ ಮನೆಗೆ ಹೋದ ಮೇಲೆ ಮಾಡುವಾ," ಎನ್ನುತ್ತಾರೆ ಜಲಜಾ; ಹಿರಿಯರೆಲ್ಲ ಅವರಿಗೆ ಮಾವಂದಿರೇ. "ಇಲ್ಲಿ ಹೂ ಮೂಸುವಷ್ಟು ಉಸಿರು ಸಾಕು. ನಾನು ಬೆರಳು ಒತ್ತಿದ್ರೆ ನಿಲ್ಲಿಸಿ, ತೆಗೆದ್ರೆ ಬಿಡಿ."

ಐದು ಸಲ ಅಭ್ಯಾಸ. ಪ್ರತಿ ಉಸಿರಿನ ಆಳವನ್ನೂ ಬೆನ್ನ ಮೇಲಿನ ಅಂಗೈ ಅಳೆಯುತ್ತದೆ. ಆರನೆಯ ಸಲ ಬೆರಳು ಒತ್ತುತ್ತದೆ, ಸೂಜಿ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ಕೀವು ಬೆರೆತ ಮೂತ್ರ ಕೊಳವೆಯಲ್ಲಿ ಹರಿದು ಚೀಲಕ್ಕೆ ಬೀಳತೊಡಗುತ್ತದೆ. ಒಂದು ಅಂಗೈಗೆ ಇಷ್ಟೆಲ್ಲ ತಿಳಿಯುತ್ತದೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಕುಂಬಳೆಯ ಜಲಜಾ ಕೊಚ್ಚಿ ಪಕ್ಕದ ತ್ರಿಪ್ಪೂಣಿತ್ತುರದಲ್ಲಿ ನೆಲೆಸಿ ಹದಿನಾರು ವರ್ಷ. ದಿನಕ್ಕೆ ಮೂರೋ ನಾಲ್ಕೋ ಕೊಳವೆ. ಮೈಮೇಲೆ ಎಕ್ಸ್‌ರೇ ತಡೆಯುವ ಆರು ಕಿಲೋ ಸೀಸದ ಏಪ್ರನ್. ಸಂಜೆಗೆ ಸೊಂಟ ನೆಟ್ಟಗೆ ನಿಲ್ಲುವುದಿಲ್ಲ. "ಮೊದಲ ವರ್ಷ ನಾನೂ ಜೋರು ಉಸಿರು ಎಳೀರಿ ಅಂತಲೇ ಹೇಳ್ತಿದ್ದೆ. ಒಬ್ಬರಿಗೆ ಮೂರು ಸಲ ಚುಚ್ಚಬೇಕಾಯ್ತು. ಪಾಪ, ಅತ್ತುಬಿಟ್ರು. ಅಂದಿನಿಂದ ಕೈ ಇಟ್ಟೇ ನೋಡುದು."

ಹತ್ತು ಗಂಟೆಗೆ ಚೀಲದಲ್ಲಿ ಮುಕ್ಕಾಲು ಲೀಟರ್. ಜ್ವರ ಇನ್ನೂ ಇದೆ, ಆದರೆ ಮೂತ್ರಪಿಂಡ ಉಳಿಯುತ್ತದೆ, ಕಲ್ಲನ್ನು ಜ್ವರ ಇಳಿದ ಮೇಲೆ ತೆಗೆಯೋಣ ಎಂದು ವೈದ್ಯರು ಭಟ್ಟರ ಹೆಂಡತಿ ಸುಶೀಲ ಅವರಿಗೆ ಹೇಳುತ್ತಾರೆ. ಆಕೆ ವೈದ್ಯರಿಗೆ ಕೈಮುಗಿದು, ಪಕ್ಕದಲ್ಲಿದ್ದ ಜಲಜಾ ಅವರತ್ತ ನೋಡದೆ ಹೊರಡುತ್ತಾರೆ. ನಿಮಗೆ ಬೇಸರವಿಲ್ಲವೇ ಎಂದು ಜಲಜಾ ಅವರನ್ನು ಕೇಳುತ್ತೇನೆ.

"ಬೇಸರ ಎಂತಕ್ಕೆ? ಬೋರಲು ಮಲಗಿದವರು ನನ್ನ ಮುಖ ನೋಡುದೇ ಇಲ್ಲ. ಕಲ್ಲು ತೆಗೆಸ್ಲಿಕ್ಕೆ ಮತ್ತೆ ಬರುವಾಗಲೂ ಅವರಿಗೆ ನನ್ನ ಗುರುತು ಇರುದಿಲ್ಲ. ನಡ್ಕೊಂಡು ಬಂದ್ರೆ ಸಾಕು. ಬೆನ್ನಿಗೆ ಕೈ ಇಟ್ಟ ಕೂಡ್ಲೇ ನಂಗೆ ಗೊತ್ತಾಗ್ತದೆ, ಯಾರು ಅಂತ."