ಅಕ್ಕನಿಗೆ ಕೊಟ್ಟ ರೋಲ್

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಗುಲಾಬಿ ಹೂವಿನ ಶುಭೋದಯಗಳ ನಡುವೆ ಕಾಕಾನ ಬಿಪಿ ರಿಪೋರ್ಟು ಕಳೆದುಹೋಗುತ್ತಿತ್ತು. ನಾನು ಹಾವೇರಿ ಕೋರ್ಟಿನ ವಕೀಲ, ಶಿಸ್ತು ತಪ್ಪಿದರೆ ಮೈಯೆಲ್ಲ ಉರಿಯುತ್ತದೆ. ಹಾಗಾಗಿ ಅಡುಗೆಮನೆ, ಆರೋಗ್ಯ ಎಂದು ಬೇರೆ ಬೇರೆ ಕೋಣೆಗಳಿರುವ ಒಂದು ಚಾಟ್ ಸರ್ವರ್ ಕಟ್ಟಿ, ಕಾವಲಿಗೆ ಬಾಟ್ ಎಂಬ ಸ್ವಯಂಚಾಲಿತ ಪ್ರೋಗ್ರಾಮ್ ಇಟ್ಟೆ. ಯಾರಿಗೆ ಯಾವ ರೋಲ್, ಅಂದರೆ ದರ್ಜೆ, ಇದೆ ಎಂದು ನೋಡಿ ಅದು ಕೋಣೆಯ ಬಾಗಿಲು ತೆರೆಯುತ್ತದೆ, ಇಲ್ಲವೇ ಮುಚ್ಚುತ್ತದೆ.

ರೋಲ್ ಹಂಚುವಾಗ ನಾನು ಬ್ಯಾಡಗಿಯ ಮನೆಯಲ್ಲಿದ್ದೆ, ಅವ್ವ ಪಕ್ಕದಲ್ಲೇ ಕುಳಿತಿದ್ದಳು.

"ಅಡಗಿಮನಿ ಕ್ವಾಣ್ಯಾಗ ಬೀಗರು ಬರಬಾರ್ದು ನೋಡು. ಯಾರಿಗೆ ಎಂಥಾ ಸೀರಿ ಕೊಡೂದು ಅಂತ ನಾವು ಅಲ್ಲೇ ಮಾತಾಡೂದು," ಎಂದಳು.

ನ್ಯಾಯವಾದ ಮಾತು. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿರುವ ಅಕ್ಕನ ಗಂಡನಿಗೆ 'ಬೀಗರು' ಎಂಬ ರೋಲ್ ಕೊಟ್ಟೆ. ಗಂಡನ ಜೊತೆಗಿರಲಿ ಎಂದು ಅಕ್ಕನಿಗೂ ಅದನ್ನೇ ಕೊಟ್ಟೆ. ಅವ್ವನೂ ಹ್ಞೂಂ ಅಂದಳು.

ನಾಗರಪಂಚಮಿ ಹತ್ತಿರ ಬಂತು. ಪ್ರತಿವರ್ಷ ತವರಿಗೆ ಬಂದು ಎಳ್ಳು, ಶೇಂಗಾದ ಉಂಡಿ ಕಟ್ಟುವವಳು ಅಕ್ಕನೇ. ಆಕೆ ಫೋನ್ ಮಾಡಿದಾಗ ನಾನೂ ಬ್ಯಾಡಗಿಯಲ್ಲಿದ್ದೆ, ಅವ್ವ ಸ್ಪೀಕರ್ ಹಾಕಿದಳು.

"ಯವ್ವಾ, ಯಾವ್ಯಾವ ಉಂಡಿ ಮಾಡೂದು ಈ ಸಲ?"

"ಎಲ್ಲಾ ಅಡಗಿಮನ್ಯಾಗ ಬರದೇವಲ್ಲ, ನೋಡಿಲ್ಲೇನು? ಈ ಸಲ ಸೊಸಿ ಕಟ್ತಾಳ."

ಸೊಸೆ ಎಂದರೆ ನನ್ನ ಹೆಂಡತಿ.

"ನನ್ನ ಫೋನಿನ್ಯಾಗ ಅಡಗಿಮನೀನ ಇಲ್ಲ," ಎಂದಳು ಅಕ್ಕ. "ಬೀಗರಂಗ ಬಂದು, ಉಂಡು, ಸೀರಿ ಉಟ್ಕೊಂಡು ಹೋಗಾಕ ನಾ ಒಲ್ಲೆ. ಹಬ್ಬ ನೀವ ಮಾಡ್ಕೋರಿ."

ಫೋನ್ ಕಟ್ಟಾಯಿತು. ಅವ್ವನ ಮುಖ ಬಾಡಿತು. ಮರುಗಳಿಗೆಯಲ್ಲೇ ಅಪರಾಧವೆಲ್ಲ ನನ್ನ ತಲೆಗೆ ಬಂತು.

"ಮನೀ ಮಗಳನ್ನ ಬೀಗರ ಸಾಲಿನ್ಯಾಗ ಕುಂದ್ರಿಸಿದೆಲ್ಲೋ. ಯಾವ ಕಾಯ್ದೆ ಓದೀದಿ ನೀ?"

ಹ್ಞೂಂ ಅಂದವಳು ನೀನೇ ಎಂದು ವಾದಿಸಲು ಬಾಯಿ ತೆರೆದೆ. ಅವ್ವನ ಕಣ್ಣು ನೋಡಿ ಫೋನ್ ಕೈಗೆತ್ತಿಕೊಂಡೆ. ನನಗೂ ಸಂಕಟವಾಗಿತ್ತು. ಅಕ್ಕನಿಲ್ಲದ ಪಂಚಮಿ ನನಗೂ ಬೇಕಿರಲಿಲ್ಲ.

ಕುಳಿತಲ್ಲೇ ಅಕ್ಕನ ರೋಲ್ ಬದಲಿಸಿ 'ಮನೆಯವರು' ಮಾಡಿದೆ. ಆ ರೋಲ್ ಹೊಸದಾಗಿ ಸಿಕ್ಕವರಿಗೆ ಬಾಟ್ ತಾನಾಗಿಯೇ ಸಂದೇಶ ಹಾಕುತ್ತದೆಂಬುದು ಮರೆತೇ ಹೋಗಿತ್ತು. ಅಡುಗೆಮನೆ ಕೋಣೆಯಲ್ಲಿ ಅದು ಅಕ್ಕನ ಹೆಸರು ಹಿಡಿದು ಬರೆಯಿತು: "ನಮ್ಮ ಮನೆಗೆ ಸ್ವಾಗತ. ನಿಯಮಗಳನ್ನು ಓದಿಕೊಂಡು ಒಳಗೆ ಬನ್ನಿ."

ನಾನು ಹಣೆ ಚಚ್ಚಿಕೊಂಡೆ. ಅಷ್ಟರಲ್ಲಿ ಅದರ ಕೆಳಗೆ ಅಕ್ಕನ ಉತ್ತರ ಬಂತು.

"ಬಾಟಪ್ಪಾ, ಈ ಮನ್ಯಾಗ ಹುಟ್ಟಿದಾಕಿ ನಾ. ನೀ ಮೊನ್ನೆ ಬಂದಾಂವ, ಅತ್ತಾಗ ಸರಿ. ಯವ್ವಾ, ಎಳ್ಳು ಹುರೀಬ್ಯಾಡ, ನಾಳೆ ನಾ ಬಂದು ಹುರೀತೀನಿ."